ನಕಲು ಕೋವಿ, ಅಸಲು ಬೆಲೆ

ಬ್ಯಾಂಕಿನಲ್ಲಿ ಸಾಲದ ಕಾಗದ ನೋಡಿ ನೋಡಿ ಅರ್ಧ ಆಯುಸ್ಸು ಸವೆಸಿದವರಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತೆ. ಯಾವ ವಸ್ತು ಕಂಡರೂ ಮನಸ್ಸು ಮೊದಲು ಕೇಳೋದು "ಇದರ ಬೆಲೆ ಎಷ್ಟು?" ಅಂತ. ಆ ಪ್ರಶ್ನೆಗೆ ಒಂದೇ ಉತ್ತರ ಇರೋದಿಲ್ಲ ಅನ್ನೋದೂ ನಮಗೆ ಗೊತ್ತು. ಮಾಡೋಕೆ ತಗುಲಿದ ಖರ್ಚು ಒಂದು, ಇವತ್ತು ಮಾರಿದರೆ ಬರೋ ದುಡ್ಡು ಇನ್ನೊಂದು, ಅದು ನಮ್ಮ ಕೈಯಲ್ಲಿ ಇಲ್ಲದೆ ಹೋದರೆ ಆಗೋ ನಷ್ಟ ಮತ್ತೊಂದು. ಮೊದಲನೆಯದು ಬಿಲ್ಲಿನಲ್ಲಿ ಸಿಗುತ್ತೆ. ಎರಡನೆಯದನ್ನು ಮೌಲ್ಯಮಾಪಕರು ಬರೆದುಕೊಡ್ತಾರೆ. ಮೂರನೆಯದನ್ನು ಯಾರೂ ಬರೆದುಕೊಡೋದಿಲ್ಲ. ಈ ಸಲದ ನನ್ನ ಬರಹ ಆ ಮೂರನೆಯದರ ಬಗ್ಗೆ.

ವಿಷಯ ಮಾತ್ರ ಸ್ವಲ್ಪ ವಿಚಿತ್ರ, ಬಂದೂಕು. ಅದರಲ್ಲೂ ನಕಲು ಬಂದೂಕು. "ಬಿ.ಕಾಂ. ಓದಿ ಲೆಡ್ಜರ್ ಬರೆದವನಿಗೆ ಯಾಕಪ್ಪಾ ಕೋವಿಯ ಉಸಾಬರಿ" ಅಂತ ನೀವು ಕೇಳಬಹುದು. ಅಮೆರಿಕದಲ್ಲಿರೋ ನನ್ನ ಸೋದರಳಿಯ ಒಮ್ಮೆ ಫೋನಿನಲ್ಲಿ ಹೇಳಿದ, "ಮಾವ, ಇಲ್ಲಿ ಕೆಲವರು ಹಳೇ ಯುದ್ಧದ ಸ್ನೈಪರ್ ರೈಫಲ್ ಇರುತ್ತಲ್ಲ, ಅದರ ಥರಾನೇ ಒಂದನ್ನು ಕಮ್ಮಾರನ ಹತ್ರ ಹೇಳಿ ಮಾಡಿಸ್ಕೋತಾರೆ. ಅಂಗಡೀಲಿ ಹೊಸ ಬಂದೂಕು ತಗೊಳ್ಳೋದಕ್ಕಿಂತ ಎಷ್ಟೋ ಪಟ್ಟು ಖರ್ಚು. ಮಾರೋಕೆ ಹೋದ್ರೆ ಹಾಕಿದ ದುಡ್ಡೂ ಬರಲ್ಲ." ನನ್ನ ಬ್ಯಾಂಕಿನ ತಲೆಗೆ ಇದು ಹಿಡಿದುಬಿಟ್ಟಿತು. ಹಾಕಿದ ದುಡ್ಡು ಯಾಕೆ ಬರೋದಿಲ್ಲ? ನಕಲು ಮಾಡಿದ್ದಕ್ಕೆ ಅಸಲಿಗಿಂತ ಖರ್ಚು ಯಾಕೆ? ಹುಡುಕುತ್ತಾ ಹೋದಾಗ ದಾರಿ ಅಮೆರಿಕ ಬಿಟ್ಟು ಶ್ರೀರಂಗಪಟ್ಟಣಕ್ಕೆ ಬಂತು. ಅಲ್ಲಿಂದ ಸುತ್ತಿ ನಾನಿರೋ ಈ ಚೆನ್ನೈಗೇ ಬಂತು.

ಮೊದಲು ಸ್ನೈಪರ್ ಅನ್ನೋ ಮಾತಿನ ಹುಟ್ಟು ಕೇಳಿ. ಗದ್ದೆ ಕೆಸರಿನಲ್ಲಿ ಓಡಾಡೋ, ಉದ್ದ ಕೊಕ್ಕಿನ ಒಂದು ಸಣ್ಣ ಹಕ್ಕಿಗೆ ಇಂಗ್ಲಿಷಿನವರು ಸ್ನೈಪ್ ಅಂತಾರೆ. ಅದು ನೆಲದ ಬಣ್ಣದಲ್ಲೇ ಕರಗಿಹೋಗುತ್ತೆ, ಎದ್ದರೆ ಅಂಕುಡೊಂಕಾಗಿ ಹಾರುತ್ತೆ. ಅದನ್ನು ಹೊಡೆಯೋದು ಸಾಮಾನ್ಯರ ಕೈಲಾಗೋ ಕೆಲಸ ಅಲ್ಲ. 1770ರ ದಶಕದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಊರಿಗೆ ಬರೆದ ಕಾಗದಗಳಲ್ಲಿ ಈ ಬೇಟೆಯ ಮಾತು ಬರುತ್ತೆ. ಅಲ್ಲಿಂದ ಮುಂದೆ, ಮರೆಯಲ್ಲಿ ಕೂತು ದೂರದಿಂದ ಗುರಿಯಿಟ್ಟು ಹೊಡೆಯುವ ಸೈನಿಕನಿಗೇ ಆ ಹೆಸರು ಬಂತು. ಅಂದರೆ ಜಗತ್ತೆಲ್ಲ ಬಳಸೋ ಈ ಮಾತಿಗೆ ನಮ್ಮ ಗದ್ದೆ ಬಯಲಿನ ಕೆಸರೂ ಸ್ವಲ್ಪ ಮೆತ್ತಿಕೊಂಡಿದೆ ಅನ್ನಿ.

ಈಗ ಖರ್ಚಿನ ವಿಷಯ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಸ್ನೈಪರುಗಳಿಗೆ ಕೊಟ್ಟಿದ್ದು ಲೀ ಎನ್‌ಫೀಲ್ಡ್ ನಂಬರ್ 4 (ಟಿ) ಅನ್ನೋ ರೈಫಲ್. ಇದೇನು ಬೇರೆಯೇ ಬಂದೂಕಲ್ಲ. ಕಾರ್ಖಾನೆಯಿಂದ ಸಾಲಾಗಿ ಬರ್ತಿದ್ದ ಮಾಮೂಲಿ ರೈಫಲ್‌ಗಳನ್ನು ಹೊಡೆದು ನೋಡಿ, ಯಾವುದರ ಗುಂಡು ಒಂದೇ ಕಡೆ ಬೀಳುತ್ತೋ ಅದನ್ನು ಆರಿಸಿ ಪಕ್ಕಕ್ಕಿಡ್ತಿದ್ದರು. ಹಾಗೆ ಆರಿಸಿದ್ದನ್ನು ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಗೆ ಕಳಿಸ್ತಿದ್ದರು. ರಾಜಮಹಾರಾಜರಿಗೆ ಶಿಕಾರಿ ಬಂದೂಕು ಮಾಡಿಕೊಟ್ಟು ಹೆಸರಾದ ಕಂಪನಿ ಅದು. ಅಲ್ಲಿನ ಕೈ ಪಳಗಿದ ಕೆಲಸಗಾರರು ದುರ್ಬೀನು ಕೂರಿಸುವ ಪಟ್ಟಿ ಹಾಕಿ, ಮರವನ್ನು ಕೂದಲೆಳೆಯಷ್ಟು ಸರಿಮಾಡಿ, ಮತ್ತೆ ಪರೀಕ್ಷೆ ಮಾಡ್ತಿದ್ದರು. ಹೀಗೆ ಸುಮಾರು 23 ಸಾವಿರ ರೈಫಲ್ ಅವರ ಕೈಯಲ್ಲಿ ತಯಾರಾದವು. ಯಾವ ದುರ್ಬೀನು ಯಾವ ರೈಫಲ್‌ನದ್ದು ಅಂತ ಅದರ ನಂಬರನ್ನು ಹಿಂದಿನ ಮರದ ಕುತ್ತಿಗೆಯ ಮೇಲೆ ಹೊಡೀತಿದ್ದರು.

ಈ ನಂಬರಿನ ವಿಷಯ ನನಗೆ ಬಹಳ ಹಿಡಿಸಿತು. ಇವತ್ತು ಸಂಗ್ರಹಕಾರರು ಮೊದಲು ನೋಡೋದೇ ಅದನ್ನು. ಮರದ ಮೇಲಿನ ನಂಬರೂ ದುರ್ಬೀನಿನ ನಂಬರೂ ಒಂದೇ ಆದರೆ ಒಂದು ಬೆಲೆ, ಬೇರೆ ಬೇರೆ ಆದರೆ ಬೆಲೆ ದಬಕ್ಕನೆ ಕೆಳಗೆ. ಎರಡೂ ಒಂದೇ ಕಾಲದ ಅಸಲು ಸಾಮಾನೇ ಆಗಿದ್ದರೂ ಅಷ್ಟೆ! ನಮ್ಮಲ್ಲಿ ಮನೆಯ ಪತ್ರ ತಂದಾಗ ಮೂಲಪತ್ರದ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದ್ದರೆ ಮನೆ ಎಷ್ಟೇ ಗಟ್ಟಿಯಾಗಿದ್ದರೂ ಸಾಲ ಕೊಡೋದಿಲ್ಲವಲ್ಲ, ಥೇಟ್ ಹಾಗೆ. ಸಂಗ್ರಹಕಾರ ದುಡ್ಡು ಕೊಡೋದು ಕಬ್ಬಿಣಕ್ಕಲ್ಲ ಸ್ವಾಮಿ, ಕಬ್ಬಿಣದ ಜೊತೆ ಬಂದ ಕಾಗದಕ್ಕೆ.

ಅಮೆರಿಕದ ನೌಕಾಪಡೆಯ ಮರೀನ್ ದಳದವರೂ ವಿಯಟ್ನಾಂ ಯುದ್ಧದ ಕಾಲದಲ್ಲಿ, 1966ರಲ್ಲಿ, ರೆಮಿಂಗ್ಟನ್ 700 ಅನ್ನೋ ಶಿಕಾರಿ ರೈಫಲ್ಲನ್ನು ಆಧಾರವಾಗಿಟ್ಟುಕೊಂಡು ಎಂ40 ಅನ್ನೋ ಸ್ನೈಪರ್ ರೈಫಲ್ ಮಾಡಿಸಿದರು. 1970ರ ದಶಕದಲ್ಲಿ ಅದರ ಮುಂದಿನ ರೂಪ ಎಂ40ಎ1 ಬಂತು. ಅದನ್ನು ಕ್ವಾಂಟಿಕೊ ಅನ್ನೋ ಕಡೆ ಅವರದೇ ಕೆಲಸಗಾರರು ಒಂದೊಂದಾಗಿ ಕೈಯಿಂದ ಕಟ್ಟುತ್ತಿದ್ದರು. ಸೋದರಳಿಯ ಹೇಳಿದ ಹವ್ಯಾಸಿಗಳು ಇಂಥವುಗಳ ನಕಲನ್ನೇ ಮಾಡಿಸೋದು. ಆ ಕಾಲದ ದುರ್ಬೀನು ಹುಡುಕಬೇಕು, ಅದೇ ಮಾದರಿಯ ಮರ ಬೇಕು, ನಳಿಗೆ ಹೊಸದಾಗಿ ಕಡೆಸಬೇಕು, ಅದನ್ನು ಜೋಡಿಸೋಕೆ ನುರಿತ ಕೈ ಬೇಕು. ಒಂದೇ ಒಂದು ಮಾಡಿಸುವಾಗ ಇದರ ಖರ್ಚನ್ನೆಲ್ಲ ಒಂದೇ ಬಂದೂಕು ಹೊರಬೇಕು. ಸರ್ಕಾರ ಸಾವಿರಗಟ್ಟಲೆ ಮಾಡಿಸಿದಾಗ ಅದೇ ಖರ್ಚು ಹಂಚಿಹೋಗಿರುತ್ತೆ. ಒಂದೇ ಇಡ್ಲಿ ಬೇಯಿಸೋಕೂ ಇಡೀ ಒಲೆ ಹಚ್ಚಲೇಬೇಕು ಅನ್ನೋ ಲೆಕ್ಕ. ಮಾರುವಾಗ ಕೊಳ್ಳುವವನು ಕೇಳೋದು "ಇದು ಯುದ್ಧ ಕಂಡಿದೆಯಾ?" ಅಂತ. ಕಂಡಿಲ್ಲ. ಹಾಗಾಗಿ ಹಾಕಿದ್ದು ಬರೋದಿಲ್ಲ.

ಸರಿ, ಸೋದರಳಿಯನ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಇಷ್ಟಕ್ಕೇ ನಿಂತರೆ ನಕಲು ಅಂದರೆ ಶೋಕಿ ಅಂತ ಆಗಿಹೋಗುತ್ತೆ. ನಕಲು ಮಾಡೋದು ಶೋಕಿಯಲ್ಲ, ಪ್ರಾಣದ ಪ್ರಶ್ನೆಯಾಗಿದ್ದ ಕಾಲವೂ ಒಂದಿತ್ತು.

ಹದಿನೆಂಟನೇ ಶತಮಾನದ ಕೊನೆಗೆ ಮೈಸೂರಿನ ಮುಂದಿದ್ದ ಸಮಸ್ಯೆ ನೋಡಿ. ಎದುರಿಗೆ ಮದರಾಸಿನ ಈಸ್ಟ್ ಇಂಡಿಯಾ ಕಂಪನಿ. ಅವರ ಸಿಪಾಯಿಗಳ ಕೈಯಲ್ಲಿ ಚಕಮಕಿ ಕಲ್ಲಿನ ಬಂದೂಕು. ನಮ್ಮ ಕಡೆ ಹಿಂದಿನಿಂದ ಇದ್ದದ್ದು ಬತ್ತಿ ಹಚ್ಚಿ ಹೊಡೆಯುವ ಕೋವಿ. ಮಳೆಗಾಲದಲ್ಲಿ ಬತ್ತಿ ಆರಿದರೆ ಕೋವಿ ದೊಣ್ಣೆಗೆ ಸಮ. ಫ್ರೆಂಚರಿಂದ ಬಂದೂಕು ಕೊಳ್ಳಬಹುದಿತ್ತು, ಆದರೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಯೂರೋಪಿನಲ್ಲಿ ಇಂಗ್ಲೆಂಡ್ ಫ್ರಾನ್ಸ್ ರಾಜಿಯಾದ ದಿನ ಇಲ್ಲಿ ನಮ್ಮವರ ಕೈ ಬರಿದು. ಅದಕ್ಕೆ ಟಿಪ್ಪು ಆರಿಸಿಕೊಂಡ ದಾರಿ, ನಾವೇ ಮಾಡೋಣ ಅನ್ನೋದು. 1787ರಲ್ಲಿ ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯ ಆಸ್ಥಾನಕ್ಕೆ ಮೂವರು ರಾಯಭಾರಿಗಳನ್ನು ಕಳಿಸಿದಾಗ ಸೈನ್ಯದ ಸಹಾಯದ ಜೊತೆ ಕೇಳಿದ್ದು ಕುಶಲಕರ್ಮಿಗಳನ್ನು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ, ಈ ನಾಲ್ಕು ಕಡೆ ತಾರಾಮಂಡಲ ಪೇಟೆ ಅಂತ ಕಾರ್ಖಾನೆಗಳ ಕೇರಿಯನ್ನೇ ಕಟ್ಟಿಸಿದ.

ಅಲ್ಲಿ ಮಾಡಿದ್ದು ಯೂರೋಪಿನ ಮಾದರಿಯ ಬಂದೂಕು. ಕದ್ದು ಮುಚ್ಚಿ ಹೇಳಬೇಕಾದ್ದೇನಿಲ್ಲ, ನಕಲೇ ಅದು. ಆದರೆ ನಕಲು ಅನ್ನೋದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ. ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಸಲಾಕೆಗೆ ಸುತ್ತಿ, ಬಡಿದು ಬೆಸೆದು ನಳಿಗೆ ಮಾಡಬೇಕು. ಬೆಸುಗೆಯಲ್ಲಿ ಒಂದು ಕಡೆ ಗಾಳಿ ಉಳಿದರೂ ಮದ್ದು ಹೊತ್ತಿದಾಗ ನಳಿಗೆ ಸಿಡಿದು ಹೊಡೆಯುವವನ ಮುಖವೇ ಹಾರಿಹೋಗುತ್ತೆ. ಒಳಗಡೆ ಒಂದೇ ಅಳತೆಗೆ ಕೊರೆಯಬೇಕು. ಚಕಮಕಿ ಕಲ್ಲು ಕಚ್ಚುವ ಕುದುರೆಯ ಸ್ಪ್ರಿಂಗು ಸಾವಿರ ಸಲ ಬಡಿದರೂ ಮುರಿಯಬಾರದು. ಇದಕ್ಕೆಲ್ಲ ಬೇಕಾದ ಕಬ್ಬಿಣ ಉಕ್ಕು ನಮ್ಮ ನೆಲದಲ್ಲೇ ಇತ್ತು. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಾಗಡಿ ಕಡೆ ಕಬ್ಬಿಣ ಕರಗಿಸುವುದನ್ನು ನೋಡಿ ಬರೆದಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಎಳೆಯುತ್ತಿದ್ದ ಉಕ್ಕಿನ ತಂತಿ ದೇಶದ ದೂರ ದೂರಕ್ಕೆ ಹೋಗ್ತಿತ್ತು ಅಂತಲೂ ಬರೆದಿದ್ದಾನೆ. ವೀಣೆಗೆ ತಂತಿ ಎಳೆಯಬಲ್ಲ ನಾಡಿಗೆ ಬಂದೂಕಿನ ಸ್ಪ್ರಿಂಗು ಯಾವ ಲೆಕ್ಕ?

ಆ ಬಂದೂಕುಗಳನ್ನು ನೋಡಿದವರಿಗೆ ಗೊತ್ತು, ಅವು ಬರೀ ನಕಲಾಗಿ ಉಳಿಯಲಿಲ್ಲ. ಅರಮನೆಗೆ ಮಾಡಿದ ಒಳ್ಳೇ ಬಂದೂಕುಗಳಲ್ಲಿ ಬೆಳ್ಳಿಯ ಹುಲಿಮುಖ, ನಳಿಗೆಯ ಮೇಲೆ ಹುಲಿಪಟ್ಟೆ, ಪಾರ್ಸಿ ಅಕ್ಷರದಲ್ಲಿ ಊರಿನ ಹೆಸರು, ಟಿಪ್ಪುವೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷ. ಕೆಲವದರ ಮೇಲೆ ಮಾಡಿದವನ ಹೆಸರೂ ಇದೆ. ಒಂದೇ ನಳಿಗೆಯಲ್ಲಿ ಹಿಂದೊಂದು ಮುಂದೊಂದು ಎರಡು ಗುಂಡು ತುಂಬಿ, ಒಂದಾದ ಮೇಲೆ ಒಂದನ್ನು ಹೊಡೆಯುವ ಬಂದೂಕೂ ಅಲ್ಲಿ ತಯಾರಾಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆಮೇಲೆ ಕಂಪನಿಯವರು ಮಾಡಿದ ಮೊದಲ ಕೆಲಸ ಪಟ್ಟಿ ಮಾಡೋದು. ಅಬ್ಬಾ, ಲೆಕ್ಕದವರಿಗೂ ಮೆಚ್ಚುಗೆಯಾಗುವಂಥ ಪಟ್ಟಿ ಅದು. 929 ಫಿರಂಗಿ, ಸುಮಾರು 99 ಸಾವಿರ ಬಂದೂಕು, 11 ಆಯುಧಶಾಲೆ, ಫಿರಂಗಿ ಎರಕ ಹೊಯ್ಯುವ 2 ಕಾರ್ಖಾನೆ, ನಳಿಗೆ ಕೊರೆಯುವ ಯಂತ್ರಗಳಿದ್ದ 3 ಕಟ್ಟಡ. ಎಲ್ಲಾ ಬಂದೂಕೂ ಅಲ್ಲಿಯೇ ಮಾಡಿದ್ದಲ್ಲ, ಇಂಗ್ಲಿಷ್ ಫ್ರೆಂಚ್ ಮಾಲೂ ಸೇರಿತ್ತು. ಆದರೂ ಒಂದು ಒಳನಾಡಿನ ರಾಜ್ಯ ಎಲ್ಲಿಗೆ ಮುಟ್ಟಿತ್ತು ಅನ್ನೋದಕ್ಕೆ ಆ ಮೂರು ಕಟ್ಟಡವೇ ಸಾಕ್ಷಿ.

ಆಮೇಲೆ ಲೂಟಿಯ ಹಂಚಿಕೆ. ಸೇನಾಪತಿ ಜನರಲ್ ಹ್ಯಾರಿಸ್ ಪಾಲಿಗೆ 1,42,902 ಪೌಂಡ್. ಇಡೀ ಮೊತ್ತದ ಎಂಟನೇ ಒಂದು ಭಾಗ. ಅಷ್ಟು ತಗೊಂಡಿದ್ದು ಹೆಚ್ಚಾಯಿತು ಅಂತ ಆ ಕಾಲದಲ್ಲೇ ತಕರಾರಾಯಿತು. ಮದರಾಸಿನಿಂದ ನಡೆದು ಬಂದು ಹೋರಾಡಿದ ಸಾಮಾನ್ಯ ಸಿಪಾಯಿಗೆ ಸಿಕ್ಕಿದ್ದು 5 ಪೌಂಡ್ ಆಸುಪಾಸು. ಹುಲಿಮುಖದ ಕತ್ತಿ ಕೋವಿಗಳು ಅಧಿಕಾರಿಗಳ ಪೆಟ್ಟಿಗೆ ಸೇರಿ ಹಡಗು ಹತ್ತಿದವು.

ಚೆನ್ನೈಯಲ್ಲಿರೋ ಕನ್ನಡಿಗರು ಇಲ್ಲಿ ಒಂದು ನಿಮಿಷ ನಿಲ್ಲಿ. ರಾಜಾಜಿ ಹಾಲ್ ನಿಮಗೆಲ್ಲ ಗೊತ್ತು. 2016ರಲ್ಲಿ ಜಯಲಲಿತಾ, 2018ರಲ್ಲಿ ಕರುಣಾನಿಧಿ ಅವರ ಪಾರ್ಥಿವ ಶರೀರವನ್ನು ಇಟ್ಟಿದ್ದ ಆ ಎತ್ತರದ ಮೆಟ್ಟಿಲುಗಳನ್ನು ಟೀವಿಯಲ್ಲಿ ನೋಡದವರಿಲ್ಲ. 1802ರಲ್ಲಿ ಮುಗಿದ ಆ ಕಟ್ಟಡವನ್ನು ಕಟ್ಟಿಸಿದ್ದೇ ಎರಡು ಗೆಲುವಿನ ನೆನಪಿಗೆ. ಒಂದು ಪ್ಲಾಸಿ, ಇನ್ನೊಂದು ಶ್ರೀರಂಗಪಟ್ಟಣ. ಹಾಗೆಯೇ ಸೇಂಟ್ ಜಾರ್ಜ್ ಕೋಟೆಯ ಮ್ಯೂಸಿಯಂಗೆ ಹೋದರೆ ಕಾರ್ನ್‌ವಾಲಿಸನ ದೊಡ್ಡ ಅಮೃತಶಿಲೆಯ ಪ್ರತಿಮೆ ಇದೆ. ಅದರ ಪೀಠದ ಮೇಲೆ ಕೆತ್ತಿರೋದು ಟಿಪ್ಪುವಿನ ಇಬ್ಬರು ಮಕ್ಕಳನ್ನು 1792ರಲ್ಲಿ ಒತ್ತೆಯಾಗಿ ಒಪ್ಪಿಸುವ ದೃಶ್ಯ. ಅದೂ ಒಂದು ಅಡಮಾನವೇ. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕಟ್ಟುವವರೆಗೆ ಎರಡು ಮಕ್ಕಳು ಜಾಮೀನು. 1794ರವರೆಗೆ ಆ ಮಕ್ಕಳು ಇದ್ದದ್ದು ಇದೇ ಮದರಾಸಿನಲ್ಲಿ. ನಾವು ಹೊಟ್ಟೆಪಾಡಿಗೆ ಬಂದ ಊರು, ಅವರು ಜಾಮೀನಿಗೆ ಬಂದ ಊರು.

ಲೂಟಿ ಹೋದ ಆ ಬಂದೂಕುಗಳ ಬೆಲೆ ಏನಾಯಿತು ಅನ್ನೋದು ಇನ್ನೊಂದು ಕತೆ. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಸಾಮಾನುಗಳ ಒಂದು ಸಂಗ್ರಹ ಸುಮಾರು 60 ಲಕ್ಷ ಪೌಂಡಿಗೆ ಹೋಯಿತು. ಅದರಲ್ಲಿ, ಮೇಲೆ ಹೇಳಿದೆನಲ್ಲ, ಎರಡು ಗುಂಡಿನ ಬೆಳ್ಳಿ ಕಟ್ಟಿನ ಬಂದೂಕು, ಅದೊಂದಕ್ಕೇ 7,22,500 ಪೌಂಡ್. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಏಳು ಕೋಟಿ ರೂಪಾಯಿ. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್‌ನ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿದ, ಕಂಪನಿಯ ಮೇಜರ್ ಒಬ್ಬ ತಂದಿಟ್ಟಿದ್ದ ಇನ್ನೊಂದು ಬಂದೂಕು 60 ಸಾವಿರ ಪೌಂಡಿಗೆ ಹೋಯಿತು. 2023ರ ಮೇ ತಿಂಗಳಲ್ಲಿ ಟಿಪ್ಪುವಿನ ಮಲಗುವ ಕೋಣೆಯ ಕತ್ತಿ ಒಂದು ಕೋಟಿ 40 ಲಕ್ಷ ಪೌಂಡ್ ದಾಟಿತು.

ಒಂದು ಕಾಲಕ್ಕೆ ಇಂಗ್ಲಿಷ್ ಬಂದೂಕಿನ ನಕಲು ಅನ್ನಿಸಿಕೊಂಡಿದ್ದು ಇವತ್ತು ಅದೇ ಕಾಲದ ಅಸಲು ಇಂಗ್ಲಿಷ್ ಬಂದೂಕಿಗಿಂತ ನೂರಾರು ಪಟ್ಟು ಬೆಲೆ ಬಾಳುತ್ತೆ! ಯಾಕೆ? ಆ ಕಾಲದ ಕಂಪನಿಯ ಮಾಮೂಲಿ ಬಂದೂಕಿಗೆ ಇಂಡಿಯಾ ಪ್ಯಾಟರ್ನ್ ಅಂತ ಹೆಸರು. ಕಂಪನಿಯವರು ಭಾರತದ ಸೈನ್ಯಕ್ಕೆ ಅಂತ ನಳಿಗೆ ಕುಗ್ಗಿಸಿ, ಖರ್ಚು ತಗ್ಗಿಸಿ ಮಾಡಿಸಿದ ಅಗ್ಗದ ಮಾದರಿ ಅದು. ಫ್ರೆಂಚರ ಜೊತೆ ಯುದ್ಧ ಬಿದ್ದು ಬಂದೂಕು ಸಾಲದೆ ಹೋದಾಗ ಬ್ರಿಟಿಷ್ ಸರ್ಕಾರವೇ ಅದನ್ನು ತನ್ನ ಸೈನ್ಯಕ್ಕೆ ತಗೊಂಡಿತು. ಲಕ್ಷಗಟ್ಟಲೆ ಮಾಡಿದರು. ಲಕ್ಷಗಟ್ಟಲೆ ಇರೋದಕ್ಕೆ ಬೆಲೆ ಎಲ್ಲಿಂದ? ಶ್ರೀರಂಗಪಟ್ಟಣದ್ದು ಎಣಿಸುವಷ್ಟು. ಜೊತೆಗೆ ಸೋತ ದೊರೆಯ ಹೆಸರು.

ಇವತ್ತು ಆ ಇಂಡಿಯಾ ಪ್ಯಾಟರ್ನ್ ಬಂದೂಕಿನ ಪ್ರತಿಕೃತಿಗಳನ್ನು ಉತ್ತರ ಭಾರತದ ಕಾರ್ಖಾನೆಗಳಲ್ಲಿ ಮಾಡಿ ಅಮೆರಿಕ ಕೆನಡಾಗಳಿಗೆ ಕಳಿಸ್ತಾರೆ. ಅಲ್ಲಿ ಹಳೇ ಯುದ್ಧಗಳ ವೇಷ ಕಟ್ಟಿ ಆಡುವವರು ಕೊಳ್ಳುತ್ತಾರೆ. ಕಿವಿಯ ತೂತು ಕೊರೆಯದೆ ಕಳಿಸಿದರೆ ಅದು ಬಂದೂಕೇ ಅಲ್ಲ, ಗೋಡೆಗೆ ನೇತು ಹಾಕುವ ಅಲಂಕಾರ! ಅಲ್ಲಿ ಹೋದ ಮೇಲೆ ತೂತು ಬೀಳುತ್ತೆ. ಇಟಲಿಯ ಪ್ರತಿಕೃತಿಗಿಂತ ಬೆಲೆ ಕಡಿಮೆ, ನಳಿಗೆ ಗಟ್ಟಿಯೋ ಅಲ್ಲವೋ ಅಂತ ಕೊಂಡವರ ನಡುವೆ ಜಗಳ ಮಾತ್ರ ಜಾಸ್ತಿ.

ನಕಲಿನ ಕತೆಯಲ್ಲಿ ನನಗೆ ಹೆಚ್ಚು ನೋವು ಕೊಟ್ಟಿದ್ದು ಮಾತ್ರ ಇನ್ನೊಂದು. 1857ರ ದಂಗೆ ನಿಮಗೆ ಗೊತ್ತು, ಎನ್‌ಫೀಲ್ಡ್ ರೈಫಲ್ಲಿನ ತೋಟಾದಿಂದ ಕಿಡಿ ಹೊತ್ತಿದ್ದೂ ಗೊತ್ತು. ರೈಫಲ್ ಅಂದರೆ ನಳಿಗೆಯ ಒಳಗೆ ಸುರುಳಿ ಸುರುಳಿಯಾಗಿ ತೋಡು ಇರುತ್ತೆ. ಗುಂಡು ಬುಗುರಿಯ ಹಾಗೆ ತಿರುಗುತ್ತಾ ಹೋಗುತ್ತೆ, ಅದಕ್ಕೇ ದೂರ, ಅದಕ್ಕೇ ಗುರಿ. ತೋಡಿಲ್ಲದ ನುಣುಪು ನಳಿಗೆಯಲ್ಲಿ ನೂರು ಗಜ ದಾಟಿದರೆ ಗುಂಡು ಎಲ್ಲಿಗೆ ಹೋಗುತ್ತೋ ದೇವರೇ ಬಲ್ಲ. ದಂಗೆ ಮುಗಿದ ಮೇಲೆ ದೇಶೀ ಸಿಪಾಯಿಗೆ ರೈಫಲ್ ಕೊಡೋಕೆ ಸರ್ಕಾರಕ್ಕೆ ಭಯ. ಕೊಡದೆಯೂ ಇರುವಂತಿಲ್ಲ. ಆಗ 1858ರ ಮಾದರಿ ಅಂತ ಒಂದು ಬಂದೂಕು ಬಂತು. ದೂರದಿಂದ ನೋಡಿದರೆ ಥೇಟ್ ಎನ್‌ಫೀಲ್ಡ್. ಅದೇ ಉದ್ದ, ಅದೇ ಮರ, ಅದೇ ಹಿತ್ತಾಳೆ. ಒಳಗೆ ತೋಡು ಇಲ್ಲ! ನಳಿಗೆಯನ್ನು ಅಗಲವಾಗಿ ಕೊರೆದು ನುಣುಪು ಮಾಡಿದ್ದರು. ದೂರಕ್ಕೆ ತಕ್ಕಂತೆ ಏರಿಸಿ ಇಳಿಸುವ ಗುರಿಪಟ್ಟಿಯ ಜಾಗದಲ್ಲಿ ಒಂದು ಸುಮ್ಮನೆ ಕಬ್ಬಿಣದ ತುಂಡು.

ಲೆಕ್ಕದ ದೃಷ್ಟಿಯಿಂದ ನೋಡಿ. ಮರ, ಕಬ್ಬಿಣ, ಕೂಲಿ, ಹಡಗಿನ ಬಾಡಿಗೆ ಎಲ್ಲಾ ರೈಫಲ್ಲಿನಷ್ಟೇ. ಖರ್ಚು ಪೂರ್ತಿ, ಫಲ ಮಾತ್ರ ಅರ್ಧ, ಅದೂ ಬೇಕೆಂದೇ. ಜಗತ್ತಿನಲ್ಲಿ ಕಡಿಮೆ ಖರ್ಚಿಗೆ ಮಾಡಿದ ನಕಲು ಬೇಕಾದಷ್ಟಿದೆ. ಅಪನಂಬಿಕೆಗೆ ಅಂತ ದುಡ್ಡು ಹಾಕಿ ಮಾಡಿದ ನಕಲು ಇದು. ಹೆಗಲ ಮೇಲೆ ಅದನ್ನು ಹೊತ್ತು ನಿಂತ ಸಿಪಾಯಿಗೆ ಪಕ್ಕದ ಗೋರಾ ಪಲ್ಟಣದವನ ಕೈಲಿರೋದು ಬೇರೆ ಅಂತ ಗೊತ್ತಾಗದೆ ಇರುತ್ತಾ?

ಈಗ ನಮ್ಮ ಕಾಲಕ್ಕೆ ಬರೋಣ. ಚೆನ್ನೈಯಿಂದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ತಿರುಚಿನಾಪಳ್ಳಿ. ಅಲ್ಲಿ 1966ರಿಂದ ಸರ್ಕಾರದ ಆಯುಧ ಕಾರ್ಖಾನೆ ಇದೆ. ನಮ್ಮ ಸೈನ್ಯ ದಕ್ಷಿಣ ಆಫ್ರಿಕಾದ ಡೆನೆಲ್ ಕಂಪನಿಯ ಎನ್‌ಟಿಡಬ್ಲ್ಯು-20 ಅನ್ನೋ ಭಾರೀ ರೈಫಲ್ ಕೊಂಡಿತ್ತು. ಬಂಕರು, ವಾಹನ ಹೊಡೆಯುವಂಥದ್ದು. ಅದನ್ನು ಇಲ್ಲೇ ಮಾಡುವ ಮಾತೂ ಇತ್ತು. ಅಷ್ಟರಲ್ಲಿ ಕಮಿಷನ್ ಕೊಟ್ಟ ಆರೋಪ ಬಂದು 2005ರಲ್ಲಿ ಆ ಕಂಪನಿಯ ಜೊತೆಗಿನ ವ್ಯವಹಾರವೇ ನಿಂತುಹೋಯಿತು. ಬಾಗಿಲು ಮುಚ್ಚಿದಾಗ ತಿರುಚಿಯವರು ತಾವೇ ಒಂದನ್ನು ಮಾಡಿದರು. ಅದೇ ವಿಧ್ವಂಸಕ. ಆ ಆಫ್ರಿಕಾದ ರೈಫಲ್ಲಿನ ಹತ್ತಿರದ ನೆಂಟ ಅಂತ ನೋಡಿದವರೆಲ್ಲ ಹೇಳ್ತಾರೆ. ಸುಮಾರು 25 ಕೆಜಿ ತೂಕ, ಬಿಚ್ಚಿ ಇಬ್ಬರು ಹೊರಬೇಕು. ಗುರಿ ಸುಮಾರು 1,800 ಮೀಟರ್. ಬೆಲೆ ಸುಮಾರು 10 ಲಕ್ಷ ರೂಪಾಯಿ ಅಂತ ಆಗ ಪತ್ರಿಕೆಗಳಲ್ಲಿ ಬಂತು. ಆಮದು ಮಾಡಿದ್ದರೆ 23 ಲಕ್ಷ.

ನೂರು ರೈಫಲ್ ಅಂದರೆ 13 ಕೋಟಿ ಉಳಿತಾಯ. ನನ್ನಂಥವನು ಫೈಲಿನಲ್ಲಿ ಇಷ್ಟನ್ನೇ ಬರೆದು ಸಹಿ ಹಾಕಿಬಿಡ್ತಾನೆ. ಆದರೆ ನಿಜವಾದ ಲಾಭ ಆ 13 ಕೋಟಿಯಲ್ಲಿಲ್ಲ. ಬಾಗಿಲು ಮುಚ್ಚಿದಾಗ ಒಂದು ಬಿಡಿಭಾಗಕ್ಕೂ ಬೇರೆಯವರ ಮುಖ ನೋಡಬೇಕಾದ ಸ್ಥಿತಿ ಇತ್ತಲ್ಲ, ಅದು ತಪ್ಪಿತು ಅನ್ನೋದರಲ್ಲಿದೆ. 1788ರಲ್ಲಿ ಫ್ರಾನ್ಸಿಗೆ ಹೋದ ರಾಯಭಾರಿಗಳು ಬಂದೂಕಿನ ಪೆಟ್ಟಿಗೆಗಿಂತ ಹೆಚ್ಚಾಗಿ ಕಮ್ಮಾರರನ್ನು ಕೇಳಿದ್ದು ಇದೇ ಕಾರಣಕ್ಕೆ. ಬಂದೂಕು ಕೊಂಡರೆ ಒಂದು ಬಂದೂಕು ಬರುತ್ತೆ. ಕಮ್ಮಾರ ಬಂದರೆ ಬಂದೂಕು ಮಾಡೋದು ಬರುತ್ತೆ.

ಇದರ ಅರ್ಥ ಎಲ್ಲಾ ಸರಿಹೋಯಿತು ಅಂತಲ್ಲ. ನಮ್ಮ ಸೈನ್ಯದ ಸ್ನೈಪರುಗಳು ದಶಕಗಟ್ಟಲೆ ರಷ್ಯಾದ ಡ್ರಾಗುನೊವ್ ಹಿಡಿದೇ ಗಡಿ ಕಾದರು. 2019ರಲ್ಲಿ ಇಟಲಿಯ ಬೆರೆಟ್ಟಾ, ಅಮೆರಿಕದ ಬ್ಯಾರೆಟ್ ಸ್ವಲ್ಪ ಬಂದವು. 2022ರಲ್ಲಿ ಫಿನ್ಲೆಂಡಿನ ಸಾಕೊ ಗಡಿಯಲ್ಲಿ ಕಂಡಿತು. ಎಲ್ಲವೂ ಕೊಂಡದ್ದೇ. ಈ ನಡುವೆ ಬೆಂಗಳೂರಿನಲ್ಲಿ ಒಂದು ಬೆಳವಣಿಗೆ ಆಯಿತು. 1960ರಿಂದ ಸ್ಪ್ರಿಂಗು ಮಾಡಿಕೊಂಡು ಬಂದ ಸ್ಟಂಪ್ ಶೂಲೆ ಅಂಡ್ ಸೋಮಪ್ಪ ಅನ್ನೋ ಮನೆತನದಿಂದಲೇ ಹುಟ್ಟಿದ ಎಸ್ಎಸ್ಎಸ್ ಡಿಫೆನ್ಸ್ ಅನ್ನೋ ಖಾಸಗಿ ಕಂಪನಿ ವೈಪರ್, ಸೇಬರ್ ಅಂತ ಎರಡು ಸ್ನೈಪರ್ ರೈಫಲ್ ತಯಾರಿಸಿತು. ವೈಪರ್‌ನ ಗುರಿ ಸಾವಿರ ಮೀಟರ್, ಸೇಬರ್‌ನದ್ದು 1,500. 2024ರಲ್ಲಿ ಸೇಬರ್ ಹೊರದೇಶಕ್ಕೆ ರಫ್ತಾಗುವ ಸುದ್ದಿ ಪತ್ರಿಕೆಗಳಲ್ಲಿ ಬಂತು. ಸ್ಪ್ರಿಂಗಿನವರು ರೈಫಲ್ ಮಾಡಿದ್ದು ಓದಿದಾಗ ನನಗೆ ಚನ್ನಪಟ್ಟಣದ ತಂತಿ ಎಳೆಯುವವರು ನೆನಪಾದರು. ತಾರಾಮಂಡಲ ಪೇಟೆ ಇದ್ದ ಅದೇ ಬೆಂಗಳೂರು. ನಡುವೆ ಇನ್ನೂರಕ್ಕೂ ಹೆಚ್ಚು ವರ್ಷದ ಖಾಲಿ ಜಾಗ.

ಆ ಖಾಲಿ ಜಾಗವೇ ನಾನು ಮೊದಲಿಗೆ ಹೇಳಿದ ಮೂರನೇ ಬೆಲೆ. 1799ರ ಪಟ್ಟಿಯಲ್ಲಿ ಫಿರಂಗಿ ಇದೆ, ಬಂದೂಕಿದೆ, ಮದ್ದಿನ ತೂಕವೂ ಇದೆ. ಅವನ್ನು ಮಾಡಿದ ಕೈಗಳು ಪಟ್ಟಿಯಲ್ಲಿಲ್ಲ. ದೊರೆ ಹೋದ, ಕೊಳ್ಳುವವರು ಹೋದರು, ಕೊರೆಯುವ ಯಂತ್ರ ನಿಂತಿತು. ಅಪ್ಪ ಮಗನಿಗೆ ಹೇಳಿಕೊಡೋಕೆ ಕೆಲಸವೇ ಇಲ್ಲದಿದ್ದರೆ ವಿದ್ಯೆ ಎಷ್ಟು ದಿನ ಉಳಿಯುತ್ತೆ? ಹ್ಯಾರಿಸ್ ಒಯ್ದ 1,42,902 ಪೌಂಡಿಗೆ ರಸೀತಿ ಇದೆ. ಇದಕ್ಕಿಲ್ಲ.

ಬೆಲೆಯ ಮಾತಿನಲ್ಲಿ ಕೊಡಗನ್ನು ಬಿಡೋ ಹಾಗಿಲ್ಲ. ನಮ್ಮ ಬ್ಯಾಂಕಿನಲ್ಲಿ ಕೊಡವ ಸಹೋದ್ಯೋಗಿ ಒಬ್ಬರಿದ್ದರು, ಈಗ ನಿವೃತ್ತರು. ಅವರ ಮನೆಯ ಹಳೇ ಕೋವಿಯ ಬಗ್ಗೆ ಒಮ್ಮೆ ಊಟದ ಹೊತ್ತಿನಲ್ಲಿ ಕೇಳಿದೆ, "ಅದಕ್ಕೆ ಈಗ ಎಷ್ಟು ಬರಬಹುದು ಸರ್?" ಅವರು ಮುಖ ನೋಡಿ ನಕ್ಕರು. "ನಿಮ್ಮ ತಾಯಿಯವರ ತಾಳಿಗೆ ಎಷ್ಟು ಬರುತ್ತೆ ಅಂತ ಕೇಳಿದ ಹಾಗಾಯ್ತು" ಅಂದರು. ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ ಇಟ್ಟು ಪೂಜೆ, ಗಂಡುಮಗು ಹುಟ್ಟಿದರೆ ಗಾಳಿಗೆ ಒಂದು ಗುಂಡು, ಸತ್ತರೆ ಎರಡು. ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಆ ಕೋವಿಯನ್ನು ಯಾವ ಬ್ಯಾಂಕೂ ಅಡವಿಟ್ಟುಕೊಳ್ಳೋದಿಲ್ಲ. ಅಂಥದ್ದೇ ಹೊಸ ಕೋವಿ ಮಾಡಿಸಿದರೂ ಆ ಮನೆಯವರಿಗೆ ಅದು ಆ ಕೋವಿ ಆಗೋದಿಲ್ಲ.

ಇನ್ನು ನಮ್ಮ ದೇಶದಲ್ಲಿ ನಕಲು ಸ್ನೈಪರ್ ರೈಫಲ್ ಮಾಡಿಸಿಕೊಳ್ಳೋಣ ಅಂತ ಯಾರಾದರೂ ಓದುಗರು ಆಸೆಪಟ್ಟಿದ್ದರೆ ಕ್ಷಮಿಸಿ, ಆ ಆಸೆ ಬಿಡಿ. 1959ರ ಆಯುಧ ಕಾಯ್ದೆ ಇದೆ, 2016ರ ನಿಯಮಗಳಲ್ಲಿ ಪ್ರತಿಕೃತಿಗಳ ಮಾತೂ ಇದೆ. ಅಜ್ಜನ ಕಾಲದ ಕೋವಿ ರಿಪೇರಿ ಮಾಡಿದರೂ ಹಾರದಷ್ಟು ಕೆಟ್ಟಿದ್ದರೆ ಮಾತ್ರ ಕಾಯ್ದೆ ಅದನ್ನು ಬಿಟ್ಟುಕೊಡುತ್ತೆ. ನೂರು ವರ್ಷ ದಾಟಿದ ಕಲಾವಸ್ತುವಾದರೆ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಹೊರದೇಶಕ್ಕೆ ಮಾರುವಂತಿಲ್ಲ. ಲಂಡನ್ನಿನಲ್ಲಿ ಏಳು ಕೋಟಿಯ ಬಂದೂಕು ಮಂಡ್ಯದ ಅಟ್ಟದಲ್ಲಿ ಸಿಕ್ಕಿದ್ದರೆ ಆ ಬೆಲೆ ಸಿಗ್ತಿರಲಿಲ್ಲ. ವಸ್ತು ಒಂದೇ, ನಿಂತ ನೆಲ ಬೇರೆ.

ಕೊನೆಗೆ ಒಂದು ಮಾತು. ಕೋವಿ ಕೊಲ್ಲೋ ವಸ್ತು. ಅದರ ಕುಶಲತೆ ಹೊಗಳುವಾಗ ನಳಿಗೆಯ ಆ ತುದಿಯಲ್ಲಿ ಒಬ್ಬ ಇರ್ತಾನೆ ಅನ್ನೋದನ್ನು ಮರೆಯಬಾರದು. ಅಂಥ ವಸ್ತುವಿನಲ್ಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ. ಬಹಳಷ್ಟು ಬಂದೂಕುಗಳ ಮೇಲೆ ದೊರೆಯ ಗುರುತು ಮಾತ್ರ ಇದೆ. ಕೆಲವೇ ಕೆಲವದರ ಮೇಲೆ, ನಳಿಗೆಯ ಬುಡದಲ್ಲಿ ಪುಟ್ಟದಾಗಿ, ಪಟ್ಟಣದ ಒಬ್ಬ ಕೆಲಸಗಾರನ ಹೆಸರಿದೆ. ಹರಾಜು ಕೂಗುವವರು ಅದನ್ನು ಓದಿ ಬೆಲೆ ಏರಿಸುತ್ತಾರೆ. ಅದನ್ನು ಕೆತ್ತಿದ ದಿನ ಅವನ ಕೈಗೆ ಬಿದ್ದ ಕೂಲಿ ಎಷ್ಟಿತ್ತೋ, ಏಳು ಕೋಟಿಯಲ್ಲಿ ಒಂದು ಕಾಸೂ ಅವನ ಕುಲಕ್ಕೆ ಸೇರಲಿಲ್ಲ. ಮುಂದಿನ ಸಲ ರಾಜಾಜಿ ಹಾಲ್ ಮುಂದೆ ಬಸ್ಸಿನಲ್ಲಿ ಹೋಗುವಾಗ ಆ ಮೆಟ್ಟಿಲು ನೋಡಿ. ಗೆದ್ದವರು ಕಟ್ಟಿಸಿದ ಕಟ್ಟಡ ಇನ್ನೂ ನಿಂತಿದೆ, ಸೋತವರ ಕಾರ್ಖಾನೆ ಇಲ್ಲ. ಆದರೆ ಆ ಕಾರ್ಖಾನೆಯಲ್ಲಿ ಕೂತು ನಕಲು ಮಾಡುತ್ತಾ ಮಾಡುತ್ತಾ ತನ್ನ ಹೆಸರನ್ನೇ ಬರೆಯುವ ಧೈರ್ಯ ಮಾಡಿದ ಒಬ್ಬ ಕಮ್ಮಾರ ಇದ್ದ. ಅಷ್ಟು ನೆನಪಿಟ್ಟುಕೊಂಡರೆ ಸಾಕು.

ನಿಮ್ಮ ಕಡೆ ಇಂಥ ಹಳೇ ಕೋವಿ, ಕಮ್ಮಾರರ ಕತೆ ಏನಾದರೂ ಇದ್ದರೆ ಬರೆದು ತಿಳಿಸಿ. ಬೆಲೆ ಕೇಳೋದಿಲ್ಲ.